ಮಗಳಿಗೊಂದು ಪತ್ರ: ಆ ರಾತ್ರಿ ಎಲ್ಲಿದ್ದೆ ಅಂತ ಅವನನ್ನು ಕೇಳು

ಪ್ರೀತಿಯ ಪುಟ್ಟಿ,

ಭಾನುವಾರ ಫೋನಿನಲ್ಲಿ ನೀನು ಕೇಳಿದ್ದಕ್ಕೆ ನಾನು ಸರಿಯಾಗಿ ಉತ್ತರ ಕೊಡಲಿಲ್ಲ. ಕುಕ್ಕರ್ ಕೂಗುತ್ತಿತ್ತು. ನಿಮ್ಮಪ್ಪ ಬೇರೆ ಪಕ್ಕದಲ್ಲೇ ನಿಂತು "ಇದಕ್ಕೆಲ್ಲ ಕೈಹಾಕಬೇಡ ಅನ್ನು" ಅಂತ ಪಿಸುಗುಡುತ್ತಿದ್ದರು.

ನಿನ್ನ ಲ್ಯಾಬಿಗೆ ಬರುವ ಆ ಹುಡುಗನ ಫ್ರಾಟರ್ನಿಟಿಯನ್ನು, ಅಂದರೆ ಕಾಲೇಜು ಹುಡುಗರು ಕಟ್ಟಿಕೊಂಡ ಕೂಟವನ್ನು, ಹೊಸಬರಿಗೆ ಹಿಂಸೆ ಕೊಟ್ಟರು (ಹೇಜಿಂಗ್) ಅಂತ ಯೂನಿವರ್ಸಿಟಿ ಸಸ್ಪೆಂಡ್ ಮಾಡಿದೆ. ವಿಚಾರಣೆಗೆ ಕೊಡಲು "ಇವರು ಒಳ್ಳೆಯವರು" ಅಂತ ನೀನೊಂದು ಪತ್ರ ಬರೆದುಕೊಡಬೇಕಂತೆ. ತಪ್ಪು ಮಾಡಿದ್ದು ನಾಲ್ಕು ಜನ, ನಲವತ್ತು ಜನಕ್ಕೆ ಯಾಕಮ್ಮ ಶಿಕ್ಷೆ ಅಂತ ನೀನು ಕೇಳಿದೆ.

ಫ್ರಾಟರ್ನಿಟಿ ಅಂದರೇನು ಅಂತಲೇ ನನಗೆ ಗೊತ್ತಿರಲಿಲ್ಲ. ಈ ವಾರ ಕೂತು ಓದಿದೆ. ಹೇಜಿಂಗ್ ಅಂದರೆ ನಮ್ಮ ರ್‍ಯಾಗಿಂಗೇ, ಅಲ್ವಾ? ಒಂದೇ ವ್ಯತ್ಯಾಸ. ಇಲ್ಲಿ ಜೂನಿಯರ್ ಸುಮ್ನೆ ಸಿಕ್ಕಿಬೀಳುತ್ತಾನೆ. ಅಲ್ಲಿ ತಾನಾಗಿ ಹೋಗಿ "ನನ್ನನ್ನೂ ಸೇರಿಸಿಕೊಳ್ಳಿ" ಅನ್ನುತ್ತಾನೆ. ಹಾಗೆ ಕೇಳಿಕೊಂಡು ಹೋದವನಿಗೆ ಬೇಡ ಅನ್ನುವುದು ಇನ್ನೂ ಕಷ್ಟ.

ಅಮೆರಿಕದ ಪೆನ್ ಸ್ಟೇಟ್ ಯೂನಿವರ್ಸಿಟಿಯ ಟಿಮೊಥಿ ಪಿಯಾಜಾ ಕಥೆ ಓದಿದ ಮೇಲೆ ನನಗೆ ನಿದ್ದೆ ಬರಲಿಲ್ಲ. ಇಂಜಿನಿಯರಿಂಗ್ ಓದುತ್ತಿದ್ದ 19 ವರ್ಷದ ಹುಡುಗ. 2017ರ ಫೆಬ್ರವರಿ 2ರ ರಾತ್ರಿ ಬೀಟಾ ಥೀಟಾ ಪೈ ಅನ್ನುವ ಫ್ರಾಟರ್ನಿಟಿಯ ಮನೆಯಲ್ಲಿ ಹೊಸಬರಿಗೆಲ್ಲ ಬಲವಂತವಾಗಿ ಕುಡಿಸಿದರು. ಹೆಸರಿಗೆ ಅದು ಮದ್ಯ ನಿಷೇಧವಿದ್ದ ಮನೆ! ಅವನು ನೆಲಮಾಳಿಗೆಯ ಮೆಟ್ಟಿಲ ಮೇಲಿಂದ ಬಿದ್ದ. ಆಂಬುಲೆನ್ಸ್‌ಗೆ ಫೋನ್ ಹೋಗಿದ್ದು ಮರುದಿನ ಬೆಳಿಗ್ಗೆ, ಸುಮಾರು 12 ಗಂಟೆ ಆದ ಮೇಲೆ. ಫೆಬ್ರವರಿ 4ಕ್ಕೆ ತೀರಿಕೊಂಡ. ಮನೆಯ ಕ್ಯಾಮೆರಾಗಳಲ್ಲಿ ಎಲ್ಲ ರೆಕಾರ್ಡ್ ಆಗಿತ್ತು. ಅವನು ಏಳಲು ನೋಡುವುದು, ಮತ್ತೆ ಬೀಳುವುದು, ಉಳಿದವರು ಓಡಾಡಿಕೊಂಡಿರುವುದು.

ಅದರಲ್ಲಿ ಒಬ್ಬ ಹೊಸ ಹುಡುಗ ಮಾತ್ರ "ಆಸ್ಪತ್ರೆಗೆ ಫೋನ್ ಮಾಡೋಣ" ಅಂದನಂತೆ. ಅವನನ್ನು ಗೋಡೆಗೆ ತಳ್ಳಿ ಸುಮ್ಮನಾಗಿಸಿದರು. ಆ ಹುಡುಗನೇ ನನ್ನ ತಲೆಯಿಂದ ಹೋಗುತ್ತಿಲ್ಲ.

ನಿನಗೆ ಇದುವರೆಗೂ ಹೇಳದ ಒಂದು ವಿಷಯ ಇದೆ. ನಮ್ಮ ಹಾಸ್ಟೆಲಿನಲ್ಲಿ ಸೀನಿಯರ್‌ಗಳು ಹೊಸ ಹುಡುಗಿಯರಿಗೆ ತಲೆಗೆ ಎಣ್ಣೆ ಸುರಿದು, ಎರಡು ಬಣ್ಣದ ರಿಬ್ಬನ್ ಕಟ್ಟಿಸಿ, ರಾತ್ರಿ ತಮ್ಮ ಬಟ್ಟೆ ಒಗೆಸುತ್ತಿದ್ದರು. ಒಬ್ಬಳು ಸೋಪಿನ ನೀರಿನಲ್ಲಿ ಜಾರಿ ಬಿದ್ದು ಕೈ ಮುರಿದುಕೊಂಡಳು. ಅವಳು ಕೂಗಿದ್ದು ನನಗೆ ಕೇಳಿಸಿತ್ತು. ನಾನು ಕಂಬಳಿ ಮುಖದ ಮೇಲೆ ಎಳೆದುಕೊಂಡೆ. ವಾರ್ಡನ್ ಕೇಳಿದಾಗ ಎಲ್ಲರೂ ಒಂದೇ ಬಾಯಲ್ಲಿ "ಅವಳೇ ಜಾರಿದಳು ಮೇಡಂ" ಅಂದೆವು. ಅವರು ಟಿವಿ ರೂಮಿಗೆ ಆ ವರ್ಷ ಪೂರ್ತಿ ಬೀಗ ಹಾಕಿಸಿದರು. "ನಾನೇನು ಮಾಡಿದೆ?" ಅಂತ ಎಲ್ಲರಿಗಿಂತ ಜಾಸ್ತಿ ಕೂಗಾಡಿದವಳು ನಾನೇ. ಈಗ ನಗು ಬರುತ್ತದೆ. ನಾನು ಏನೂ ಮಾಡಿರಲಿಲ್ಲ, ಅದಕ್ಕೇ ತಾನೆ ಬೀಗ ಬಿದ್ದದ್ದು.

ಹಾಗಂತ ಬೀಗದಿಂದ ಎಲ್ಲ ಸರಿಹೋಯಿತು ಅಂದುಕೊಳ್ಳಬೇಡ. ನಮ್ಮಲ್ಲಿ ಆಟ ಟೆರೇಸಿಗೆ ಹೋಯಿತು, ಅಷ್ಟೆ. ನಿಮ್ಮಲ್ಲೂ ಮಾನ್ಯತೆ ಹೋದ ಹುಡುಗರು ಊರಾಚೆ ಬಾಡಿಗೆ ಮನೆ ಹಿಡಿದು ಅದನ್ನೇ ಮುಂದುವರಿಸುವುದುಂಟಂತೆ. ಪೆನ್ ಸ್ಟೇಟ್ ತನ್ನಲ್ಲಿದ್ದ ಬೀಟಾ ಥೀಟಾ ಪೈ ಶಾಖೆಯನ್ನು ಶಾಶ್ವತವಾಗಿ ಮುಚ್ಚಿಸಿತು. ನನಗೆ ಅದಕ್ಕಿಂತ ಮುಖ್ಯ ಅನ್ನಿಸಿದ್ದು 2018ರಲ್ಲಿ ಪೆನ್ಸಿಲ್ವೇನಿಯಾ ರಾಜ್ಯ ಟಿಮೊಥಿ ಹೆಸರಿನಲ್ಲೇ ಮಾಡಿದ ಕಾನೂನು. ಅದರ ಪ್ರಕಾರ ಹೇಜಿಂಗ್‌ನಿಂದ ಸಾವಾದರೆ ದೊಡ್ಡ ಅಪರಾಧ, ಆದರೆ ಸಹಾಯಕ್ಕೆ ಫೋನ್ ಮಾಡಿದವನಿಗೆ ರಕ್ಷಣೆ ಇದೆ. 2024ರ ಡಿಸೆಂಬರ್‌ನಲ್ಲಿ ಇಡೀ ದೇಶಕ್ಕೂ ಕಾನೂನು ಬಂದಿದೆ. ಯಾವ ಗುಂಪು ಏನು ಮಾಡಿ ಸಿಕ್ಕಿಬಿತ್ತು ಅಂತ ಕಾಲೇಜು ಎಲ್ಲರಿಗೂ ಕಾಣುವಂತೆ ಪ್ರಕಟಿಸಬೇಕು. ನಿಮ್ಮ ಯೂನಿವರ್ಸಿಟಿಯ ಪಟ್ಟಿಯಲ್ಲಿ ಈ ಹುಡುಗನ ಫ್ರಾಟರ್ನಿಟಿ ಹೆಸರು ಮೊದಲೇ ಇದೆಯಾ ನೋಡು.

ಪತ್ರ ಬರೆಯುವುದು ಬಿಡುವುದು ನಿನ್ನಿಷ್ಟ. ನಿನ್ನ ಲ್ಯಾಬಿನ ಆ ಹುಡುಗನನ್ನು ಕೂರಿಸಿ ಒಂದು ಕಾಫಿ ಕೊಡು. ಆ ರಾತ್ರಿ ಎಲ್ಲಿದ್ದೆ, ಏನು ಕೇಳಿಸಿತು, ಎಷ್ಟೊತ್ತಿಗೆ ಮಲಗಿದೆ ಅಂತ ಕೇಳು. ಬೈಯಬೇಡ. ನನ್ನನ್ನು ಯಾರೂ ಹಾಗೆ ಒಬ್ಬಳನ್ನೇ ಕೂರಿಸಿಕೊಂಡು ಕೇಳಲಿಲ್ಲ.

ನಿಮ್ಮತ್ತೆ ಮಗ ಮುಂದಿನ ವಾರ ಹೊರಡುತ್ತಾನೆ. ಸಾರಿನ ಪುಡಿ ಅವನ ಕೈಲಿ ಕಳಿಸುತ್ತೇನೆ.

ನಿನ್ನ
ಅಮ್ಮ