ಪುಟ್ಟಿಗೆ, ಪೊಟ್ಯಾಶಿಯಂ ವಿಷಯ

ಪ್ರೀತಿಯ ಪುಟ್ಟಿ,

ನೀನು ಕಳ್ಸಿದ್ದ ಬಾವಿ ಲಾಗ್‌ನ ಪ್ಲಾಟ್, ಅಂದ್ರೆ ಕೊರೆದ ಬಾವಿಯ ಯಾವ ಆಳದಲ್ಲಿ ಯಾವ ಖನಿಜ ಎಷ್ಟು % ಅನ್ನೋ ಚಿತ್ರ, ನಿನ್ನೆ ರಾತ್ರಿ ಕೂತ್ಕೊಂಡು ನೋಡ್ದೆ. ಖನಿಜ ಎಲ್ಲಾ ಕೂಡಿದ್ರೆ ಸರಿಯಾಗಿ 100 ಬರತ್ತೆ ಅಂತ ನಿಂಗೆ ಖುಷಿ, ಆದ್ರೆ 100 ಆಗ್ಲೇಬೇಕು ಅಂತ ಸಾಫ್ಟ್‌ವೇರ್‌ಗೆ ಹೇಳಿರೋದೇ ನಾವು ಕಣೇ. ಬಾವಿಗೆ ಇಳಿಸೋ ಟೂಲ್‌ಗೆ ಖನಿಜ ಕಾಣ್ಸೋದೇ ಇಲ್ಲ, ಅದು ನ್ಯೂಟ್ರಾನ್ ಬಿಟ್ಟು ಬಂಡೆಯಿಂದ ಬರೋ ಗಾಮಾ ಕಿರಣದಲ್ಲಿ ಸಿಲಿಕಾನ್, ಕ್ಯಾಲ್ಸಿಯಂ, ಐರನ್, ಸಲ್ಫರ್ ಇಂಥವನ್ನ ಎಣಿಸತ್ತೆ, ಪೊಟ್ಯಾಶಿಯಂ ಬಂಡೆಯ ಸ್ವಂತ ಗಾಮಾದಿಂದ ಸಿಗತ್ತೆ, ಖನಿಜ ಅನ್ನೋದು ಆಮೇಲೆ ನಾವು ಕಟ್ಟೋ ಲೆಕ್ಕ.

ಒಂದು ಪದರ ತಗೋ, ಪೊಟ್ಯಾಶಿಯಂ 3%, ಅಲ್ಯೂಮಿನಿಯಂ 4%. ಪೊಟ್ಯಾಶಿಯಂ ಫೆಲ್ಡ್‌ಸ್ಪಾರ್‌ನಲ್ಲಿ (ಮರಳಿನ ಜೊತೆ ಬರೋ ಗಟ್ಟಿ ಖನಿಜ) ಪೊಟ್ಯಾಶಿಯಂ 14%, ಹಾಗಾಗಿ ಎಲ್ಲಾ ಅದ್ರದ್ದೇ ಅಂದ್ರೆ ಫೆಲ್ಡ್‌ಸ್ಪಾರ್ 21% ಬರತ್ತೆ, ಅದು 2% ಅಲ್ಯೂಮಿನಿಯಂ ತಿನ್ನತ್ತೆ, ಉಳಿದ 2% ಕೆಯೋಲಿನೈಟ್ ಅನ್ನೋ ಕ್ಲೇಗೆ (ಜೇಡಿ ಖನಿಜ) ಕೊಟ್ರೆ ಕ್ಲೇ 9% ಅಷ್ಟೇ. ಅದೇ ಪೊಟ್ಯಾಶಿಯಂನ ಇಲ್ಲೈಟ್ ಅನ್ನೋ ಇನ್ನೊಂದು ಕ್ಲೇಗೆ ಬರೆದ್ರೆ, ಅದ್ರಲ್ಲಿ ಸುಮಾರು 6% ಇರೋದ್ರಿಂದ ಇಲ್ಲೈಟೇ 50% ಆಗ್ಬೇಕು, ಅಷ್ಟಕ್ಕೆ ಈ 4% ಅಲ್ಯೂಮಿನಿಯಂ ಸಾಲೋದೇ ಇಲ್ಲ. ಒಂದೇ ಪದರ, ಒಂದು ಲೆಕ್ಕದಲ್ಲಿ ಒಳ್ಳೆ ಮರಳುಗಲ್ಲು, ಇನ್ನೊಂದ್ರಲ್ಲಿ ಅರ್ಧಕ್ಕರ್ಧ ಜೇಡಿ, ಈ ಲೆಕ್ಕದಲ್ಲಿ ಬಿಡಿಸಿ ಹೇಳೋದು ಅಲ್ಯೂಮಿನಿಯಂ.

ನಾನು ಕೆಲ್ಸಕ್ಕೆ ಸೇರಿದ ಹೊಸದ್ರಲ್ಲಿ ಗಾಮಾ ಜಾಸ್ತಿ ಇದೆ ಅಂತ ಒಂದು ಪದರನ ಶೇಲ್ (ಜೇಡಿಗಲ್ಲು) ಅಂತ ಬರೆದ್ಬಿಟ್ಟೆ, ಟೆಸ್ಟೇ ಮಾಡ್ಲಿಲ್ಲ. ಆಮೇಲೆ ಕೋರ್ (ಬಾವಿಯಿಂದ ಕೊರೆದು ತೆಗೆಯೋ ಕಲ್ಲಿನ ಕಂಬ) ತೆಗೆದು ಲೆನ್ಸ್ ಇಟ್ಟು ನೋಡಿದ್ರೆ ತುಂಬಾ ಗುಲಾಬಿ ಬಣ್ಣದ ಫೆಲ್ಡ್‌ಸ್ಪಾರ್ ಕಾಳು, ಕೈಯಲ್ಲಿ ಉಜ್ಜಿದ್ರೆ ಗರಗರ ಅನ್ನೋ ಮರಳು. ಇವತ್ತಿಗೂ ಬೇಜಾರಿದೆ. ಕೆಯೋಲಿನೈಟ್ ಇದ್ರ ಉಲ್ಟಾ, ಜೇಡಿ ಆದ್ರೂ ಪೊಟ್ಯಾಶಿಯಂ ಇಲ್ದೇ ಇರೋದ್ರಿಂದ ಪೊಟ್ಯಾಶಿಯಂ ಗಾಮಾದಲ್ಲಿ ತಲೆ ಎತ್ತೋದೇ ಇಲ್ಲ.

ಐರನ್‌ನೂ ಹಾಗೇನೆ, ಪೈರೈಟ್, ಸಿಡೆರೈಟ್, ಕ್ಲೋರೈಟ್ ಮೂರರಲ್ಲೂ ಇದೆ, ಸಲ್ಫರ್ ಕಂಡ್ರೆ ಪೈರೈಟ್ ಅನ್ಬೋದು, ಆದ್ರೆ ಮಡ್‌ನಲ್ಲಿ (ಬಾವಿ ಕೊರೆಯೋವಾಗ ಒಳಗೆ ಹರಿಸೋ ದ್ರವ) ಸಲ್ಫರ್ ಇರೋ ಬೆರೈಟ್ ಇದ್ರೆ ಆ ಸಲ್ಫರ್ ಅದ್ರದ್ದೂ ಇರ್ಬೋದು. ಪೊಟ್ಯಾಶಿಯಂ ಕ್ಲೋರೈಡ್ ಮಡ್ ಹಾಕಿದ್ರೆ ಮೇಲಿನ 3% ಲೆಕ್ಕವೇ ಕೆಡತ್ತೆ, ಆದ್ರಿಂದ ಮಡ್ ರಿಪೋರ್ಟ್ ಓದ್ದೇ ಶುರು ಮಾಡ್ಬೇಡ ಪುಟ್ಟಿ.

ನಿನ್ನ ಪ್ಲಾಟ್‌ನಲ್ಲಿ ಇಲ್ಲೈಟ್ ಧಿಡೀರ್ ಅಂತ ಏರಿರೋ ಜಾಗದ ಕೋರ್ ಪ್ಲಗ್ (ಕೋರ್‌ನಿಂದ ತೆಗೆದ ಚಿಕ್ಕ ತುಂಡು) ಇದ್ರೆ ಪುಡಿ ಮಾಡ್ಸಿ, ಒಂದೇ ಪುಡಿಯನ್ನ ಖನಿಜ ಗುರುತಿಸೋ ಎಕ್ಸ್‌ಆರ್‌ಡಿಗೂ ಧಾತು ಅಳೆಯೋ ಎಕ್ಸ್‌ಆರ್‌ಎಫ್‌ಗೂ ಕಳ್ಸು, ಕೋರ್ ಆಳ ಲಾಗ್ ಆಳಕ್ಕೆ ಹೊಂದತ್ತಾ ಅಂತ ಮೊದ್ಲೇ ನೋಡ್ಕೋ. ರಿಪೋರ್ಟ್ ಬಂದ್ಮೇಲೆ ಫೋನ್ ಮಾಡು, ಒಟ್ಟಿಗೆ ಲೆಕ್ಕ ಹಾಕೋಣ.

ನಿನ್ನ ಸೋದರಮಾವ