ಜವಾರಿ ವಟಾಣಿ ಬೀಜದ ಪೊಟ್ಟಣ ಸಣ್ಣದಾಗಿದ್ದು ಯಾಕೆ: ಖಾಯಂ ಗ್ರಾಹಕರಿಗೆ ಪತ್ರ

ಎಲ್ಲರಿಗೂ ಶರಣು.

ಈ ಹಿಂಗಾರಿಯಿಂದ 40 ರೂಪಾಯಿ ಪೊಟ್ಟಣದಲ್ಲಿ 100ರ ಬದಲು 60 ಕಾಳು ಇರುತ್ತವೆ. ಮಾರಾಟ ಅಕ್ಟೋಬರ್ 15ರಿಂದ ನವೆಂಬರ್ 30ರವರೆಗೆ ಮಾತ್ರ. ಮೊದಲೇ ತಿಳಿಸದೆ ಪೊಟ್ಟಣ ಬದಲಿಸಿದ್ದು ನಮ್ಮ ತಪ್ಪು, ಕ್ಷಮಿಸಿ. ಆದರೆ ಲಾಭಕ್ಕಾಗಿ ಕಾಳು ಕದ್ದರು ಅನ್ನುವ ಮಾತನ್ನು ಒಪ್ಪುವುದಿಲ್ಲ.

ಖರ್ಚು ಎಲ್ಲಿ ಬೀಳುತ್ತದೆ ನೋಡಿ. ಬೀಜಕ್ಕೆ ಬಿಟ್ಟ ಬಳ್ಳಿಯ ಹಸಿಕಾಯಿ ಮಾರುವಂತಿಲ್ಲ. ಕಾಯಿ ಬಳ್ಳಿಯಲ್ಲೇ ಒಣಗಿ ಗಲಗಲ ಅನ್ನಬೇಕು. ಅಲ್ಲಿಯವರೆಗೆ ಗಿಳಿ, ಇಲಿ ಕಾಯುವ ಕೂಲಿ ಬೇರೆ. ತಳಿಗೆ ಹೊಂದದ ಬಳ್ಳಿ ಕಂಡಕಂಡಲ್ಲಿ ಕಿತ್ತು ಹಾಕುತ್ತೇವೆ. ಹುಳು ಹೊಲದಲ್ಲೇ ತತ್ತಿ ಇಟ್ಟಿರುತ್ತದೆ, ತೂತು ಕಾಣುವುದು ಡಬ್ಬಿ ತುಂಬಿದ ಮೇಲೆ. ನಾವು ವಿಷ ಹಚ್ಚುವುದಿಲ್ಲ. ಹಲ್ಲಿನ ಗುರುತೂ ಬೀಳದಷ್ಟು ಕಾಳು ಒಣಗಿಸಿ, ಒಂದು ವಾರ ಡೀಪ್ ಫ್ರೀಜರಿನಲ್ಲಿ ಇಡುತ್ತೇವೆ. ಹಸಿ ಉಳಿದರೆ ಆ ಥಂಡಿಗೆ ಮೊಳಕೆಯೇ ಸಾಯುತ್ತದೆ. ಕರೆಂಟ್ ಬಿಲ್ ಬರುವುದು ಇಲ್ಲಿಂದ.

"ನಿಮ್ಮ ಬೀಜ ಹುಟ್ಟುವುದೇ ಇಲ್ಲ" ಅನ್ನುವ ದೂರು ಬಹಳ ಕೇಳಿದ್ದೇವೆ. ಪ್ರತಿ ರಾಶಿಯಿಂದ 50 ಕಾಳು ತೆಗೆದು ಹಸಿ ಅರಿವೆಯಲ್ಲಿ ಸುತ್ತಿ ಎಂಟು ದಿನ ಇಡುತ್ತೇವೆ. 40ಕ್ಕಿಂತ ಕಡಿಮೆ ಮೊಳೆತರೆ ಆ ರಾಶಿ ಮಾರಾಟಕ್ಕಿಲ್ಲ. ದೂರುಗಳಲ್ಲಿ ಹೆಚ್ಚಿನವು ಜೂನ್‌ನಲ್ಲಿ ಬಿತ್ತಿದವರವು. ವಟಾಣಿಗೆ ಚಳಿ ಬೇಕು: 20 ಡಿಗ್ರಿ ಆಸುಪಾಸು ಚಂದ ಹುಟ್ಟುತ್ತದೆ, 30 ದಾಟಿದರೆ ಕಾಳು ಕೊಳೆಯುತ್ತದೆ, ಹೂವೂ ಉದುರುತ್ತದೆ. ಅದಕ್ಕೇ ಮಾರಾಟದ ದಿನ ಕಡಿಮೆ ಮಾಡಿದ್ದು. ಬೀಜ ಹುಟ್ಟದಿರಲು ಇನ್ನೊಂದು ಕಾರಣ ನೀರು. ಎರೆಮಣ್ಣಿನಲ್ಲಿ ನೀರು ನಿಂತರೆ ಕಾಳಿಗೆ ಗಾಳಿ ಸಿಗುವುದಿಲ್ಲ. ಸಕ್ಕರೆ ಹೆಚ್ಚಿರುವ ಸುಕ್ಕುಕಾಳು ಇನ್ನೂ ಬೇಗ ಕೊಳೆಯುತ್ತದೆ. ಮಡಿ ಎತ್ತರಿಸಿ, ಗೊಬ್ಬರ ಬೆರೆಸಿ, ಮೊದಲೇ ನೀರು ಬಿಡಿ. ಹದ ಬಂದ ಮೇಲೆ ಒಂದು ಇಂಚು ಆಳಕ್ಕೆ, ಎರಡು ಇಂಚಿಗೊಂದು ಕಾಳು ಊರಿ. ಮೇಲ್ಮಣ್ಣು ಪೂರಾ ಒಣಗದ ಹೊರತು ಮೊಳಕೆ ಕಾಣುವವರೆಗೆ ಮತ್ತೆ ನೀರು ಬೇಡ. ಈ ಲೆಕ್ಕಕ್ಕೆ 60 ಕಾಳು ಹತ್ತು ಅಡಿ ಸಾಲಿಗೆ ಸಾಕು.

ಬಳ್ಳಿ ಹಬ್ಬುವ ಆಸರೆಗೆ ಹೋದ ವರ್ಷದ ತೊಗರಿಕಟ್ಟಿಗೆ ಇದ್ದರೆ ಬಿತ್ತುವ ದಿನವೇ ನೆಡಿ. ಆಮೇಲೆ ನೆಟ್ಟರೆ ಬೇರಿಗೆ ಪೆಟ್ಟು.

ಐದಾರು ಒಳ್ಳೆ ಬಳ್ಳಿ ಮುಟ್ಟದೆ ಬೀಜಕ್ಕೆ ಬಿಡಿ. ವಟಾಣಿ ಹೂವು ಅರಳುವ ಮೊದಲೇ ತನ್ನೊಳಗೇ ಪರಾಗಸ್ಪರ್ಶ ಮುಗಿಸುವುದರಿಂದ ತಳಿ ಕೆಡುವುದು ಅಪರೂಪ; ಬರುವ ವರ್ಷ ನಮ್ಮಲ್ಲಿ ಕೊಳ್ಳುವ ಗರಜೇ ಇಲ್ಲ. ನವೆಂಬರಿನೊಳಗೆ ಬಿತ್ತಿಯೂ ಅರ್ಧಕ್ಕಿಂತ ಕಡಿಮೆ ಹುಟ್ಟಿದರೆ ಖಾಲಿ ಪೊಟ್ಟಣ ತನ್ನಿ, ಬೇರೆ ರಾಶಿಯ ಬೀಜ ಪುಕ್ಕಟೆ ಕೊಡುತ್ತೇವೆ.

ನಿಮ್ಮ ಬೀಜ ಸಂಘದವರು
ಬೀದರ್