ಸೇನೆ ಕಳುಹಿಸುವ ಹಕ್ಕು ಯಾರದು?

ಮಾನ್ಯ ಸಂಪಾದಕರೇ,

ಒಂದು ದೇಶ ಮತ್ತೊಂದರ ನೆಲಕ್ಕೆ ಸೇನೆ ಕಳುಹಿಸಿದಾಗಲೆಲ್ಲ ಚರ್ಚೆ ಅದರ ಉದ್ದೇಶ ಒಳ್ಳೆಯದೇ ಕೆಟ್ಟದ್ದೇ ಎಂಬುದರ ಸುತ್ತಲೇ ನಡೆಯುತ್ತದೆ; ಅದು ಕಾನೂನುಬದ್ಧವೇ ಎಂಬ ಪ್ರಶ್ನೆ ಹಿಂದೆ ಸರಿಯುತ್ತದೆ. 1945ರ ವಿಶ್ವಸಂಸ್ಥೆಯ ಸನ್ನದಿನ 2(4)ನೇ ವಿಧಿಯು ಬಲಪ್ರಯೋಗವನ್ನಷ್ಟೇ ಅಲ್ಲ, ಅದರ ಬೆದರಿಕೆಯನ್ನೂ ನಿಷೇಧಿಸುತ್ತದೆ. ಇದಕ್ಕೆ ಸನ್ನದು ಒಪ್ಪುವ ಮುಖ್ಯ ವಿನಾಯಿತಿಗಳು ಎರಡೇ: ಸಶಸ್ತ್ರ ದಾಳಿ ನಡೆದಾಗ 51ನೇ ವಿಧಿಯಡಿ ಆತ್ಮರಕ್ಷಣೆ ಮತ್ತು ಏಳನೇ ಅಧ್ಯಾಯದಡಿ ಭದ್ರತಾ ಮಂಡಳಿಯ ಅನುಮತಿ. ಸೇನೆ ಹೋಗುವ ದೇಶದ ಸರ್ಕಾರವೇ ಕರೆದರೆ ಮಾತು ಬೇರೆ. ಆದರೆ ಅಂತರ್ಯುದ್ಧದ ನಡುವೆ ಕರೆಯುವ ಅಧಿಕಾರ ಯಾರಿಗಿದೆ ಎಂಬುದೇ ವಿವಾದವಾಗಿರುತ್ತದೆ.

1999ರಲ್ಲಿ, ಆಗ ಯುಗೊಸ್ಲಾವಿಯದ ಭಾಗವಾಗಿದ್ದ ಕೊಸೊವೊದ ಜನರ ರಕ್ಷಣೆಯ ಹೆಸರಿನಲ್ಲಿ ಪಾಶ್ಚಾತ್ಯ ದೇಶಗಳ ಸೇನಾ ಒಕ್ಕೂಟ ನ್ಯಾಟೊ, ಮಂಡಳಿಯ ಅನುಮತಿಯಿಲ್ಲದೆ, ಯುಗೊಸ್ಲಾವಿಯದ ಮೇಲೆ 78 ದಿನ ಬಾಂಬ್ ದಾಳಿ ನಡೆಸಿತು. ಆನಂತರ ಸ್ವತಂತ್ರ ಅಂತರರಾಷ್ಟ್ರೀಯ ಆಯೋಗವೊಂದು ಅದನ್ನು ಕಾನೂನುಬಾಹಿರ, ಆದರೂ ಸಮರ್ಥನೀಯ ಎಂದು ಬಣ್ಣಿಸಿತು. ನನ್ನ ದೃಷ್ಟಿಯಲ್ಲಿ ಈ ಜಾಣ್ಮೆಯ ಮಾತೇ ಅಪಾಯಕಾರಿ, ಏಕೆಂದರೆ ತನ್ನ ಯುದ್ಧ ಸಮರ್ಥನೀಯವಲ್ಲ ಎಂದು ಹೇಳಿಕೊಂಡ ಸರ್ಕಾರ ಇದುವರೆಗೆ ಇಲ್ಲ.

ಅನುಮತಿ ಇದ್ದ ಮಾತ್ರಕ್ಕೆ ಎಲ್ಲವೂ ನೇರವಾಗುವುದಿಲ್ಲ. 2011ರಲ್ಲಿ ಭದ್ರತಾ ಮಂಡಳಿಯ 1973ನೇ ಸಂಖ್ಯೆಯ ನಿರ್ಣಯವು ಲಿಬಿಯದ ನಾಗರಿಕರ ರಕ್ಷಣೆಗೆ ಬಲಪ್ರಯೋಗವನ್ನು ಒಪ್ಪಿತ್ತು. ಕಾರ್ಯಾಚರಣೆ ಮುಗಿಯುವ ಹೊತ್ತಿಗೆ ಗಡಾಫಿ ಆಡಳಿತವೇ ಉರುಳಿತ್ತು. ಸಿರಿಯಾದ ವಿಷಯ ಮಂಡಳಿಗೆ ಬಂದಾಗ ರಷ್ಯಾ ಮತ್ತು ಚೀನಾ ವಿಟೊ (ನಿರ್ಣಯವನ್ನು ತಡೆಯುವ ಅಧಿಕಾರ) ಚಲಾಯಿಸಲು ಈ ಕಹಿಯೂ ಒಂದು ಕಾರಣವಾಯಿತು.

ತೀರ್ಪಿನ ಜಾರಿಯದ್ದು ಇನ್ನೊಂದು ತೊಡಕು. ಮಧ್ಯ ಅಮೆರಿಕದ ನಿಕರಾಗುವ ದೇಶದ ಸರ್ಕಾರದ ವಿರುದ್ಧ ಹೋರಾಡುತ್ತಿದ್ದ ಬಂಡುಕೋರರಿಗೆ ಅಮೆರಿಕ ನೆರವು ನೀಡಿದ್ದ ಪ್ರಕರಣದಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ 1986ರಲ್ಲಿ ಅಮೆರಿಕದ ವಿರುದ್ಧ ತೀರ್ಪು ನೀಡಿತು. ಅದನ್ನು ಪಾಲಿಸುವಂತೆ ಕೋರಿದ ನಿರ್ಣಯವನ್ನು ಭದ್ರತಾ ಮಂಡಳಿಯಲ್ಲಿ ಅದೇ ಅಮೆರಿಕ ವಿಟೊದಿಂದ ತಡೆಯಿತು.

— ಓರ್ವ ಓದುಗ